ಗಣಿತದಿಂದ ಫೈನಾನ್ಸ್ ವಿಭಾಗಕ್ಕೆ: ಪ್ರಮೇಯ ಕೈಯಲ್ಲಿದ್ದರೆ ಸಾಕೇ?

ಪ್ರಶ್ನೆ: ಸಂಭವನೀಯತಾ ಸಿದ್ಧಾಂತದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಇನ್ನೊಂದು ವರ್ಷದಲ್ಲಿ ಮುಗಿಯುತ್ತದೆ. ಗೊತ್ತುಗುರಿಯಿಲ್ಲದ ಏರಿಳಿತಗಳ ಗಣಿತವಾದ ಸ್ಟೊಕ್ಯಾಸ್ಟಿಕ್ ಕ್ಯಾಲ್ಕುಲಸ್ ಚೆನ್ನಾಗಿ ಬರುತ್ತದೆ. ಅರ್ಥಶಾಸ್ತ್ರವನ್ನು ಕ್ರಮವಾಗಿ ಓದಿಲ್ಲ. ಮುಂದೆ ಫೈನಾನ್ಸ್ ವಿಷಯದಲ್ಲಿ ಪ್ರಾಧ್ಯಾಪಕ ವೃತ್ತಿ ಹಿಡಿಯಬೇಕೆಂಬ ಆಸೆ. ಗಣಿತ ಗಟ್ಟಿಯಾಗಿದ್ದರೆ ಸಾಕೇ, ಇಲ್ಲ ಫೈನಾನ್ಸಿನಲ್ಲಿ ಇನ್ನೊಂದು ಪಿಎಚ್.ಡಿ. ಮಾಡಬೇಕೇ? ಆ ವೃತ್ತಿ ಒಳಗಿನಿಂದ ಹೇಗಿರುತ್ತದೆ? ನನಗೀಗ 29. ತಡವಾಯಿತೇ?

ಉತ್ತರ: ಸಾಲದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ವಯಸ್ಸಿನಲ್ಲಿ ನನಗೆ ಯಾರೂ ಇದನ್ನು ಹೇಳಲಿಲ್ಲ. ಹೇಳಿದ್ದರೂ ಬಹುಶಃ ನಂಬುತ್ತಿರಲಿಲ್ಲ.

ನಾನೂ ಗಣಿತ ವಿಭಾಗದಿಂದ ಬಂದವನು. ಪಿಎಚ್.ಡಿ. ಮುಗಿದ ಹೊಸತರಲ್ಲಿ ಒಂದು ಬಿಸಿನೆಸ್ ಸ್ಕೂಲಿನವರು ಸೆಮಿನಾರಿಗೆ ಕರೆದಿದ್ದರು. ತೊಂಬತ್ತು ನಿಮಿಷದ ಅವಧಿ. ಎರಡನೇ ಸ್ಲೈಡಿನಲ್ಲಿ ‘ಷೇರಿನ ಬೆಲೆ ಈ ಸಮೀಕರಣದಂತೆ ಚಲಿಸುತ್ತದೆ ಎಂದಿರಲಿ’ ಎಂದು ಬರೆದಿದ್ದೆ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೈ ಎತ್ತಿದರು. “ಯಾಕೆ ಹಾಗಿರಬೇಕು? ಈ ಷೇರನ್ನು ಮಾರುತ್ತಿರುವವರು ಯಾರು, ಕೊಳ್ಳುತ್ತಿರುವವರು ಯಾರು?” “ಅದು ಊಹೆ ಸಾರ್” ಎಂದೆ. ಗಣಿತದವರ ನಡುವೆ ಆ ಮಾತು ಬಂದರೆ ಚರ್ಚೆ ಮುಗಿದಂತೆ. ಅಲ್ಲಿ ಆ ಮಾತಿನಿಂದಲೇ ಚರ್ಚೆ ಶುರುವಾಯಿತು. ನಲವತ್ತು ನಿಮಿಷವಾದರೂ ನಾನು ಎರಡನೇ ಸ್ಲೈಡಿನಲ್ಲೇ ನಿಂತಿದ್ದೆ. ಮೂರು ವರ್ಷ ಬೆವರು ಹರಿಸಿ ಸಾಧಿಸಿದ್ದ ಪ್ರಮೇಯ ಹನ್ನೊಂದನೇ ಸ್ಲೈಡಿನಲ್ಲಿತ್ತು. ಅದನ್ನು ಯಾರೂ ನೋಡಲೇ ಇಲ್ಲ. ಅವತ್ತು ಅದು ಒರಟುತನ ಎನಿಸಿತ್ತು. ಅವರು ಕೇಳಿದ್ದು ಸರಿಯಾದ ಪ್ರಶ್ನೆ ಎಂದು ಅರ್ಥವಾಗಲು ನಾಲ್ಕೈದು ವರ್ಷ ಬೇಕಾಯಿತು.

ಗಣಿತದಲ್ಲಿ ಊಹೆ ಉಚಿತ. ‘ಎಂದಿರಲಿ’ ಎಂದು ಬರೆದು ಏನನ್ನು ಬೇಕಾದರೂ ಇಟ್ಟುಕೊಳ್ಳಬಹುದು. ಅಲ್ಲಿಂದ ಮುಂದಿನ ತರ್ಕದಲ್ಲಿ ಬಿರುಕಿಲ್ಲದಿದ್ದರೆ ಆಯಿತು. ಫೈನಾನ್ಸಿನಲ್ಲಿ ತರ್ಕ ಸರಿಯಿರುವುದು ಕನಿಷ್ಠ ಅರ್ಹತೆ. ಅಲ್ಲಿ ವಿಚಾರಣೆಗೆ ನಿಲ್ಲುವುದೇ ಊಹೆ. ನಿಮ್ಮ ಮುಂದಿನ ಹತ್ತು ವರ್ಷದ ಕಷ್ಟ ಸುಖವೆಲ್ಲ ಈ ಒಂದು ವ್ಯತ್ಯಾಸಕ್ಕೆ ಹೊಂದಿಕೊಳ್ಳುವುದರಲ್ಲೇ ಇದೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಹೊರಗಿನಿಂದ ನೋಡುವವರಿಗೆ ಒಂದೇ ಮನೆಯಂತೆ ಕಾಣುವ ಇದು ಎರಡು ಮನೆ. ಒಂದು, ಗಣಿತ ಅಥವಾ ಸಂಖ್ಯಾಶಾಸ್ತ್ರ ವಿಭಾಗದೊಳಗೆ ಇರುವ ಗಣಿತೀಯ ಹಣಕಾಸು. ಇನ್ನೊಂದು, ಬಿಸಿನೆಸ್ ಸ್ಕೂಲಿನ ಫೈನಾನ್ಸ್ ವಿಭಾಗ. ಮೊದಲನೆಯ ಮನೆಯವರು ‘ಮ್ಯಾಥಮೆಟಿಕಲ್ ಫೈನಾನ್ಸ್’, ‘ಫೈನಾನ್ಸ್ ಆ್ಯಂಡ್ ಸ್ಟೊಕ್ಯಾಸ್ಟಿಕ್ಸ್’ ಎಂಬ ಜರ್ನಲ್‌ಗಳಲ್ಲಿ ಬರೆಯುತ್ತಾರೆ. ಎರಡೂ 1990ರ ದಶಕದಲ್ಲಿ ಹುಟ್ಟಿದವು. ಎರಡನೆಯ ಮನೆಯಲ್ಲಿ ಮುಖ್ಯವಾಗಿ ಮೂರೇ ಹೆಸರು ನಡೆಯುತ್ತವೆ: 1946ರಿಂದ ಬರುತ್ತಿರುವ ‘ಜರ್ನಲ್ ಆಫ್ ಫೈನಾನ್ಸ್’, 1974ರ ‘ಜರ್ನಲ್ ಆಫ್ ಫೈನಾನ್ಶಿಯಲ್ ಎಕನಾಮಿಕ್ಸ್’, 1988ರ ‘ರಿವ್ಯೂ ಆಫ್ ಫೈನಾನ್ಶಿಯಲ್ ಸ್ಟಡೀಸ್’. ಮೊದಲ ಮನೆಯ ಅತ್ಯುತ್ತಮ ಜರ್ನಲಿನಲ್ಲಿ ಬಂದ ಪ್ರಬಂಧಕ್ಕೆ ಎರಡನೆಯ ಮನೆಯ ಬಡ್ತಿ ಸಮಿತಿ ಅರ್ಧ ಅಂಕವನ್ನೂ ಕೊಡದೆ ಹೋಗಬಹುದು. ಇದು ಅನ್ಯಾಯವೋ ಅಲ್ಲವೋ ಎಂದು ಜಗಳವಾಡುತ್ತ ಕೂತವರನ್ನು ನೋಡಿದ್ದೇನೆ; ಅವರಿಗೆ ಬಡ್ತಿ ಸಿಗಲಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ, ನಿಮಗೆ ಗೊತ್ತಿರುವ ವಿಷಯವೇ. ಬಿಟ್ಟಿ ಲಾಭಕ್ಕೆ ಅವಕಾಶವಿಲ್ಲದ ಮಾರುಕಟ್ಟೆಗೂ ಮಾರ್ಟಿಂಗೇಲ್ ಅಳತೆಗೂ (ಬಡ್ಡಿ ಬಿಟ್ಟರೆ ನಾಳಿನ ಬೆಲೆಯ ಸರಾಸರಿ ಇವತ್ತಿನ ಬೆಲೆಯೇ ಆಗುವಂತೆ ಸಂಭವಗಳನ್ನು ಹೊಂದಿಸುವ ಕ್ರಮ) ಇರುವ ನಂಟನ್ನು ಹ್ಯಾರಿಸನ್ ಮತ್ತು ಕ್ರೆಪ್ಸ್ 1979ರಲ್ಲಿ ತೋರಿಸಿದರು. ಅವರ ಪ್ರಬಂಧದಲ್ಲಿ ಆಯ್ಕೆ ಮಾಡುವ ಮನುಷ್ಯರಿದ್ದಾರೆ, ಅವರಿಗೆ ಇಷ್ಟಾನಿಷ್ಟಗಳಿವೆ, ಬೆಲೆ ಅವುಗಳಿಗೆ ಹೊಂದಿಕೊಂಡಿದೆ. ಅದು ಪ್ರಕಟವಾದದ್ದು ಅರ್ಥಶಾಸ್ತ್ರದ ಜರ್ನಲಿನಲ್ಲಿ. ಅದೇ ಮಾತನ್ನು ಬಹಳ ವ್ಯಾಪಕವಾದ ಪ್ರಕ್ರಿಯೆಗಳಿಗೆ ವಿಸ್ತರಿಸಿ ಡೆಲ್‌ಬೇನ್ ಮತ್ತು ಶಾಕರ್‌ಮಾಯರ್ 1994ರಲ್ಲಿ ಸಾಧಿಸಿದ ಪ್ರಮೇಯ ಗಣಿತವಾಗಿ ಎಷ್ಟೋ ಪಟ್ಟು ಕಠಿಣ, ನನ್ನ ದೃಷ್ಟಿಯಲ್ಲಿ ಎಷ್ಟೋ ಪಟ್ಟು ಸುಂದರ ಕೂಡ. ಅದು ಪ್ರಕಟವಾದದ್ದು ‘ಮಥಮಾಟಿಷೆ ಅನ್ನಾಲೆನ್’ ಎಂಬ ಶುದ್ಧ ಗಣಿತದ ಜರ್ನಲಿನಲ್ಲಿ. ಪ್ರಶ್ನೆ ಒಂದೇ, ಮನೆ ಎರಡು. ನಿಮ್ಮ ಮನಸ್ಸು ಇವುಗಳಲ್ಲಿ ಯಾವುದನ್ನು ಓದುವಾಗ ಹೆಚ್ಚು ಕುದುರುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ಗಮನಿಸಿ. 1994ರ ಪ್ರಮೇಯವೇ ಎಂದಾದರೆ ನಿಮಗೆ ಬೇಕಾದ ಕೆಲಸ ಗಣಿತ ವಿಭಾಗದಲ್ಲೇ ಸಿಗುತ್ತದೆ. ಬಿಸಿನೆಸ್ ಸ್ಕೂಲಿಗೆ ಹೋಗಿ ನರಳಬೇಕಾಗಿಲ್ಲ. ಬಿಸಿನೆಸ್ ಸ್ಕೂಲಿನಲ್ಲಿ ಸಂಬಳ ಹೆಚ್ಚು, ಅದು ಬಹುತೇಕ ಕಡೆ ನಿಜ. ಆದರೆ ಆ ಸಂಬಳಕ್ಕಾಗಿ ಮಾತ್ರ ಮನೆ ಬದಲಿಸಿದವರ ಮುಖ ಸೆಮಿನಾರುಗಳಲ್ಲಿ ನೋಡಿದರೆ ಗೊತ್ತಾಗಿಬಿಡುತ್ತದೆ.

ಎರಡು ಮನೆಗಳ ನಡುವೆ ಸಿಕ್ಕಿಕೊಂಡವರಲ್ಲಿ ಮೊದಲಿಗ ಫ್ರೆಂಚ್ ಗಣಿತಜ್ಞ ಲೂಯಿ ಬಾಷೆಲಿಯೆ. 1900ರ ಮಾರ್ಚಿನಲ್ಲಿ ಪ್ಯಾರಿಸಿನಲ್ಲಿ ಸಟ್ಟಾ ವ್ಯಾಪಾರದ ಸಿದ್ಧಾಂತ ಕುರಿತ ಪ್ರಬಂಧವನ್ನು ಒಪ್ಪಿಸಿದ. ಬೆಲೆಗಳ ಏರಿಳಿತವನ್ನು ನಾವಿಂದು ಬ್ರೌನಿಯನ್ ಚಲನೆ ಎನ್ನುವ ಗಣಿತದಿಂದ ವಿವರಿಸಿ, ಗೊತ್ತುಮಾಡಿದ ಬೆಲೆಗೆ ಮುಂದೆ ಕೊಳ್ಳುವ ಇಲ್ಲವೇ ಮಾರುವ ಹಕ್ಕುಗಳಾದ ಆಪ್ಷನ್‌ಗಳ ಬೆಲೆ ಲೆಕ್ಕ ಹಾಕಿದ್ದ. ಐನ್‌ಸ್ಟೈನ್ ಅದೇ ಚಲನೆಯ ಬಗ್ಗೆ ಬರೆದದ್ದು 1905ರಲ್ಲಿ. ಪರೀಕ್ಷಕರಲ್ಲಿ ಒಬ್ಬನಾಗಿದ್ದ ಹೆಸರಾಂತ ಗಣಿತಜ್ಞ ಪ್ವಾಂಕರೆ ಮೆಚ್ಚಿಕೊಂಡೇ ವರದಿ ಬರೆದ, ಆದರೆ ವಿಷಯ ಇತರ ಅಭ್ಯರ್ಥಿಗಳು ಎತ್ತಿಕೊಳ್ಳುವ ವಿಷಯಗಳಿಂದ ದೂರವಿದೆ ಎಂದೂ ಸೇರಿಸಿದ. ಸಿಕ್ಕ ದರ್ಜೆ ‘ಗೌರವಾರ್ಹ’. ವಿಶ್ವವಿದ್ಯಾಲಯದ ಹುದ್ದೆ ಸುಲಭವಾಗಿ ದಕ್ಕಲು ‘ಅತ್ಯಂತ ಗೌರವಾರ್ಹ’ ಬೇಕಿತ್ತು. ಮುಂದಿನ ಕಾಲು ಶತಮಾನ ಆತ ಅಲ್ಲಿ ಇಲ್ಲಿ ತಾತ್ಕಾಲಿಕವಾಗಿ ಪಾಠ ಹೇಳಿಕೊಂಡು ಕಳೆದ. 1926ರಲ್ಲಿ ದಿಜೋನ್ ವಿಶ್ವವಿದ್ಯಾಲಯದ ಹುದ್ದೆ ಕೈಗೆ ಬರುವಂತಿದ್ದಾಗ, ಆತನ ಒಂದು ಬರಹದಲ್ಲಿ ತಪ್ಪಿದೆ ಎಂದು ಗಣಿತಜ್ಞ ಪಾಲ್ ಲೆವಿ ಕೊಟ್ಟ ಅಭಿಪ್ರಾಯದಿಂದ ಅದು ತಪ್ಪಿಹೋಯಿತು. ಲೆವಿ ಆತನ ಹಳೆಯ ಕೆಲಸವನ್ನು ಸರಿಯಾಗಿ ಓದಿರಲಿಲ್ಲ. ರಷ್ಯಾದ ಗಣಿತಜ್ಞ ಕೊಲ್ಮಗೊರೊವ್ ತನ್ನ ಬರಹದಲ್ಲಿ ಬಾಷೆಲಿಯೆಯ ಹೆಸರೆತ್ತಿದ್ದನ್ನು ನೋಡಿದ ಮೇಲೆ ಮತ್ತೆ ಓದಿ ಪಶ್ಚಾತ್ತಾಪಪಟ್ಟ. ಅಷ್ಟರಲ್ಲಿ 1927ರಲ್ಲಿ ಬಜಾಂಸೋನಿನಲ್ಲಿ ಬಾಷೆಲಿಯೆಗೆ ಕಾಯಂ ಪ್ರಾಧ್ಯಾಪಕ ಹುದ್ದೆ ಸಿಕ್ಕಿತ್ತು. ಹುಟ್ಟಿದ್ದು 1870, ವಯಸ್ಸು ನೀವೇ ಲೆಕ್ಕ ಹಾಕಿ. ಅರ್ಥಶಾಸ್ತ್ರದವರು ಆತನನ್ನು ಓದತೊಡಗಿದ್ದು 1950ರ ದಶಕದಲ್ಲಿ, ಆತ ತೀರಿಕೊಂಡು ಎಷ್ಟೋ ವರ್ಷಗಳ ನಂತರ. ಗಣಿತದವರ ಕಣ್ಣಿಗೆ ಅದು ಸಟ್ಟಾ ಬಜಾರಿನ ಮಾತು. ಅರ್ಥಶಾಸ್ತ್ರದವರ ಕಣ್ಣಿಗೆ ಬೀಳಲೇ ಇಲ್ಲ. ಈಗ ಕಾಲ ಅಷ್ಟು ಕ್ರೂರವಾಗಿಲ್ಲ. ಆದರೂ ನಿಮ್ಮನ್ನು ‘ನಮ್ಮವರು’ ಎಂದು ಹೇಳಿಕೊಳ್ಳುವ ವಿಭಾಗ ಯಾವುದು ಎಂಬ ಪ್ರಶ್ನೆ ನೇಮಕಾತಿ ಸಮಿತಿಯ ಮುಂದೆ ಇಂದಿಗೂ ಬರುತ್ತದೆ.

ಗೆದ್ದವರ ಕಥೆಯೂ ಕೇಳಿ. ಫಿಷರ್ ಬ್ಲ್ಯಾಕ್ 1964ರಲ್ಲಿ ಹಾರ್ವರ್ಡಿನಿಂದ ಅನ್ವಯಿಕ ಗಣಿತದಲ್ಲಿ ಪಿಎಚ್.ಡಿ. ಪಡೆದವರು. ಅರ್ಥಶಾಸ್ತ್ರವನ್ನೋ ಫೈನಾನ್ಸನ್ನೋ ತರಗತಿಯಲ್ಲಿ ಕೂತು ಕಲಿತವರಲ್ಲ. ಸಲಹಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತ ಕಲಿತವರು. ಆಪ್ಷನ್ ಬೆಲೆಗೆ ಬೇಕಾದ ಅವಕಲ ಸಮೀಕರಣ 1969ರ ಹೊತ್ತಿಗೇ ಅವರ ಕೈಗೆ ಬಂದಿತ್ತು. ಅದು ಶಾಖದ ಸಮೀಕರಣದ ಇನ್ನೊಂದು ರೂಪ ಎಂದು ಮಾತ್ರ ಅವರಿಗೆ ಹೊಳೆಯಲಿಲ್ಲ, ಗಣಿತದಲ್ಲಿ ಪಿಎಚ್.ಡಿ., ಭೌತಶಾಸ್ತ್ರದಲ್ಲಿ ಪದವಿ ಇದ್ದೂ ಹೊಳೆಯಲಿಲ್ಲವೆಂದು ಮುಂದೆ ತಾವೇ ಬರೆದುಕೊಂಡಿದ್ದಾರೆ. ಬಿಡಿಸಲಾಗದೆ ಬದಿಗಿಟ್ಟರು. ಆಮೇಲೆ ಅರ್ಥಶಾಸ್ತ್ರಜ್ಞ ಮೈರನ್ ಶೋಲ್ಸ್ ಜೊತೆ ಸೇರಿ ಬಿಡಿಸಿದ್ದು ಹೇಗೆ ಗೊತ್ತೇ? ಸಮೀಕರಣದಲ್ಲಿ ಷೇರಿನ ನಿರೀಕ್ಷಿತ ಲಾಭ ಎಲ್ಲೂ ಕಾಣಿಸುವುದಿಲ್ಲ, ಹಾಗಾದರೆ ಅದು ಎಷ್ಟಿದ್ದರೂ ಉತ್ತರ ಬದಲಾಗಬಾರದು, ಹಾಗಾದರೆ ಅದು ಬಡ್ಡಿದರಕ್ಕೆ ಸಮ ಎಂದೇ ಹಿಡಿದು ಲೆಕ್ಕ ಹಾಕೋಣ ಎಂಬ ಅರ್ಥಶಾಸ್ತ್ರದ ತರ್ಕದಿಂದ. ಸೂತ್ರ ಸಿಕ್ಕಿತು, ಸಮೀಕರಣಕ್ಕೆ ಹಾಕಿ ನೋಡಿದರು, ಸರಿಹೊಂದಿತು. ಈ ಪ್ರಸಂಗವನ್ನು ನಾನು ಗಣಿತದಿಂದ ಬಂದ ಪ್ರತಿ ವಿದ್ಯಾರ್ಥಿಗೂ ಹೇಳುತ್ತೇನೆ. ನಿಮಗಾದರೆ ಆ ಸಮೀಕರಣ ಬಿಡಿಸಲು ಹತ್ತು ನಿಮಿಷ ಸಾಕು. ಅದನ್ನು ಬರೆಯಲು ಯಾವ ಪ್ರಶ್ನೆ ಕೇಳಬೇಕಿತ್ತು ಎಂಬುದು ನಿಮ್ಮ ಪಠ್ಯಕ್ರಮದಲ್ಲಿ ಇರಲಿಲ್ಲ.

ಆ ಸೂತ್ರವಿದ್ದ ಪ್ರಬಂಧವನ್ನು ಎರಡು ಜರ್ನಲ್‌ಗಳು ಮೊದಲು ವಾಪಸು ಕಳಿಸಿದವು. ಷಿಕಾಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಯೂಜೀನ್ ಫಾಮಾ ಮತ್ತು ಮರ್ಟನ್ ಮಿಲ್ಲರ್ ಆಸಕ್ತಿ ವಹಿಸಿ ಮಾತಾಡಿದ ಮೇಲೆ 1973ರಲ್ಲಿ ಪ್ರಕಟವಾಯಿತು, ಅದೂ ಮೊದಲು ತಿರಸ್ಕರಿಸಿದ್ದ ಜರ್ನಲಿನಲ್ಲೇ. ಹೆಸರಿಲ್ಲದವರ ಬರಹಕ್ಕೆ ಹೆಸರಿದ್ದವರ ಒಂದು ಮಾತು ಏನು ಮಾಡಬಲ್ಲದು ಎಂಬುದನ್ನು ಇಲ್ಲಿ ಗಮನಿಸಿ. ಕೆಳಗೆ ಶಿಫಾರಸು ಪತ್ರಗಳ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

ರಾಬರ್ಟ್ ಮರ್ಟನ್ ಅವರದು ಬೇರೆ ದಾರಿ. ಎಂಜಿನಿಯರಿಂಗ್ ಗಣಿತದಲ್ಲಿ ಪದವಿ, ಅನ್ವಯಿಕ ಗಣಿತದಲ್ಲಿ ಸ್ನಾತಕೋತ್ತರ ಪದವಿ. ಕ್ಯಾಲ್‌ಟೆಕ್‌ನಲ್ಲಿದ್ದಾಗ ಬೆಳಗ್ಗೆ ತರಗತಿಗೆ ಮೊದಲು ಬ್ರೋಕರ್ ಕಚೇರಿಗೆ ಹೋಗಿ ಷೇರು ವ್ಯವಹಾರ ಮಾಡುತ್ತಿದ್ದರಂತೆ. ಗಣಿತದ ಪಿಎಚ್.ಡಿ.ಯನ್ನು ಅರ್ಧಕ್ಕೇ ಬಿಟ್ಟು ಅರ್ಥಶಾಸ್ತ್ರಕ್ಕೆ ಅರ್ಜಿ ಹಾಕಿದರು. ಐದಾರು ಕಡೆ ಹಾಕಿದ್ದರಲ್ಲಿ ಒಪ್ಪಿಕೊಂಡದ್ದು ಎಂಐಟಿ ಒಂದೇ. ಅಲ್ಲಿ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್ ಕೈಕೆಳಗೆ 1970ರಲ್ಲಿ ಪಿಎಚ್.ಡಿ., ನಂತರ ಅಲ್ಲೇ ಫೈನಾನ್ಸ್ ಬೋಧನೆ. ಇಟೊ ಕ್ಯಾಲ್ಕುಲಸ್ಸನ್ನು, ಅಂದರೆ ನೀವು ಬಲ್ಲ ಸ್ಟೊಕ್ಯಾಸ್ಟಿಕ್ ಕ್ಯಾಲ್ಕುಲಸ್ಸನ್ನು, ಫೈನಾನ್ಸಿನೊಳಗೆ ತಂದವರು ಅವರೇ. 1997ರಲ್ಲಿ ಶೋಲ್ಸ್ ಜೊತೆ ನೊಬೆಲ್ ಬಂತು; ಬ್ಲ್ಯಾಕ್ 1995ರಲ್ಲೇ ತೀರಿಕೊಂಡಿದ್ದರು.

ಈಗ ನಿಮ್ಮ ಎರಡನೇ ಪ್ರಶ್ನೆ. ಬ್ಲ್ಯಾಕ್ ದಾರಿ ಹಿಡಿಯಬಹುದೇ, ಮರ್ಟನ್ ದಾರಿಯೇ ಬೇಕೇ? ಬ್ಲ್ಯಾಕ್ ಅಪವಾದ. ಅಪವಾದವನ್ನು ನೋಡಿ ಹೆಮ್ಮೆಪಡಿ, ಅದರ ಮೇಲೆ ಯೋಜನೆ ಹಾಕಬೇಡಿ. ನಿಮ್ಮ ಗುರಿ ಗಣಿತ ವಿಭಾಗದೊಳಗಿನ ಹಣಕಾಸು ಗಣಿತವಾದರೆ ಈಗಿನ ಪಿಎಚ್.ಡಿ. ಸಾಕು; ಒಂದೆರಡು ವರ್ಷ ಒಳ್ಳೆಯ ಗುಂಪಿನಲ್ಲಿ ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನೆ, ಅಂದರೆ ಪೋಸ್ಟ್‌ಡಾಕ್ ಮಾಡಿ ಮುಂದೆ ಹೋಗಿ. ಗುರಿ ಬಿಸಿನೆಸ್ ಸ್ಕೂಲಾದರೆ ಇನ್ನೊಂದು ಪಿಎಚ್.ಡಿ. ಬೇಕಾಗುವ ಸಂಭವವೇ ಹೆಚ್ಚು. ಹೇಳುವಾಗ ನನಗೂ ಸಂಕಟವಾಗುತ್ತದೆ, ಆದರೆ ಸುತ್ತುಬಳಸಿ ಪ್ರಯೋಜನವಿಲ್ಲ. ಅದಕ್ಕೆ ನಾಲ್ಕರಿಂದ ಆರು ವರ್ಷ. ಮೊದಲ ಎರಡು ವರ್ಷ ಪೂರ್ತಿ ತರಗತಿ: ಸೂಕ್ಷ್ಮ ಅರ್ಥಶಾಸ್ತ್ರ, ಇಕನಾಮೆಟ್ರಿಕ್ಸ್ (ಆರ್ಥಿಕ ದತ್ತಾಂಶದ ಸಂಖ್ಯಾಶಾಸ್ತ್ರ), ಆಸ್ತಿಗಳ ಬೆಲೆ ನಿರ್ಧಾರ, ಕಾರ್ಪೊರೇಟ್ ಫೈನಾನ್ಸ್. ಕೊನೆಯದನ್ನು ಗಣಿತದವರು ಉಪೇಕ್ಷಿಸುತ್ತಾರೆ, ಅದರಲ್ಲಿ ಸಮೀಕರಣ ಕಡಿಮೆ ಎಂದು. ಕಂಪನಿ ಸಾಲ ಯಾಕೆ ತೆಗೆದುಕೊಳ್ಳುತ್ತದೆ, ವ್ಯವಸ್ಥಾಪಕ ಷೇರುದಾರರಿಗೆ ಯಾವಾಗ ಮೋಸ ಮಾಡುತ್ತಾನೆ ಎಂಬ ಪ್ರಶ್ನೆಗಳಿರುವುದು ಅಲ್ಲಿ. ಫೈನಾನ್ಸ್ ವಿಭಾಗದ ಅರ್ಧದಷ್ಟು ಸಹೋದ್ಯೋಗಿಗಳು ಅದರಲ್ಲೇ ಕೆಲಸ ಮಾಡುತ್ತಿರುತ್ತಾರೆ. ಅವರ ಸೆಮಿನಾರಿನಲ್ಲಿ ನಿಮಗೆ ಕೇಳಲು ಒಂದು ಪ್ರಶ್ನೆಯೂ ಇಲ್ಲದಿದ್ದರೆ ನಿಮ್ಮನ್ನು ಯಾಕೆ ತೆಗೆದುಕೊಳ್ಳಬೇಕು?

ಇನ್ನೊಂದು ಪಿಎಚ್.ಡಿ. ಯಾಕೆ ಬೇಕೆಂದರೆ, ಕಲಿಕೆ ಅರ್ಧ ಕಾರಣ. ಉಳಿದರ್ಧ ಶಿಫಾರಸು ಪತ್ರಗಳು. ಫೈನಾನ್ಸ್ ಪ್ರಾಧ್ಯಾಪಕರ ನೇಮಕಾತಿ ನಡೆಯುವುದು ಒಂದು ಪ್ರಬಂಧ ಮತ್ತು ಮೂರು ಪತ್ರಗಳ ಮೇಲೆ. ಆ ಪ್ರಬಂಧಕ್ಕೆ ‘ಜಾಬ್ ಮಾರ್ಕೆಟ್ ಪೇಪರ್’ ಎಂದೇ ಹೆಸರು; ಅದು ಪ್ರಕಟವಾಗಿರಬೇಕೆಂದಿಲ್ಲ, ಆದರೆ ನೀವು ಮುಂದೆ ಎಂಥ ಸಂಶೋಧಕರಾಗುತ್ತೀರಿ ಎಂಬುದಕ್ಕೆ ಅದೊಂದೇ ಸಾಕ್ಷಿ. ಪತ್ರಗಳನ್ನು ಬರೆದವರು ಸಮಿತಿಗೆ ಪರಿಚಿತರಾದ ಫೈನಾನ್ಸ್ ವಿದ್ವಾಂಸರಾಗಿರಬೇಕು. ನಿಮ್ಮ ಗಣಿತದ ಮಾರ್ಗದರ್ಶಕರು ಜಗದ್ವಿಖ್ಯಾತರಿರಬಹುದು; ಅವರ ಪತ್ರವನ್ನು ಗೌರವದಿಂದ ಓದಿ, ಪಕ್ಕಕ್ಕಿಟ್ಟು, “ಆದರೆ ಇವರಿಗೆ ಫೈನಾನ್ಸ್ ಗೊತ್ತೇ?” ಎಂದು ಕೇಳುತ್ತಾರೆ. ಪೂರ್ತಿ ಪಿಎಚ್.ಡಿ. ಬೇಡವೆಂದರೆ, ಫೈನಾನ್ಸ್ ವಿಭಾಗದಲ್ಲೇ ಪೋಸ್ಟ್‌ಡಾಕ್ ಸಿಕ್ಕಿ, ಅಲ್ಲಿ ತರಗತಿಗಳಲ್ಲಿ ಕೂತು, ಅಲ್ಲಿಯವರೊಂದಿಗೆ ಕನಿಷ್ಠ ಒಂದು ಪ್ರಬಂಧ ಬರೆದು ಬಂದವರೂ ಇದ್ದಾರೆ. ಕಿರಿದಾದ ಬಾಗಿಲು, ಆದರೆ ಮುಚ್ಚಿಲ್ಲ.

ಒಳಗೆ ಹೋದ ಮೇಲೆ ಗಡಿಯಾರ ಶುರುವಾಗುತ್ತದೆ. ಟೆನ್ಯೂರ್, ಅಂದರೆ ಪರೀಕ್ಷಾ ಅವಧಿಯ ನಂತರ ಕಾಯಂ ಹುದ್ದೆ ಕೊಡುವ ಪದ್ಧತಿ, ಇರುವ ಕಡೆ ಸಹಾಯಕ ಪ್ರಾಧ್ಯಾಪಕರಿಗೆ ಸುಮಾರು ಆರೇಳು ವರ್ಷ ಕಾಲಾವಕಾಶ. ಕೊನೆಗೆ ಹೊರಗಿನ ಹಿರಿಯ ವಿದ್ವಾಂಸರಿಂದ ಅಭಿಪ್ರಾಯ ತರಿಸಿ, ಉಳಿಸಿಕೊಳ್ಳಬೇಕೇ ಕಳಿಸಬೇಕೇ ಎಂದು ತೀರ್ಮಾನಿಸುತ್ತಾರೆ. ಆರೇಳು ವರ್ಷ ಬಹಳವೆನಿಸುತ್ತದೆ. ಆದರೆ ಪ್ರಬಂಧವೊಂದು ಹೊಳೆದಲ್ಲಿಂದ ಅಚ್ಚಾಗುವವರೆಗೆ ನಾಲ್ಕೈದು ವರ್ಷ ಹಿಡಿಯುವುದು ಸಾಮಾನ್ಯ. ದೊಡ್ಡ ಮೂರು ಜರ್ನಲ್‌ಗಳು ಬಂದವುಗಳಲ್ಲಿ ಹತ್ತಕ್ಕೆ ಒಂದನ್ನೂ ಒಪ್ಪುವುದಿಲ್ಲ. ಕಳಿಸುವಾಗಲೇ ಶುಲ್ಕ ಬೇರೆ ಕಟ್ಟಬೇಕು. ತಿರಸ್ಕರಿಸಿದರೆ ವಾಪಸು ಕೊಡುವುದಿಲ್ಲ. ಗಣಿತದಿಂದ ಬಂದ ನನಗೆ ಇದು ನಂಬಲಾಗದ ಸಂಗತಿಯಾಗಿತ್ತು. ಪ್ರಬಂಧ ಪರಿಶೀಲಿಸುವ ರೆಫರಿಗಳು ಇಲ್ಲಿ ಗಣಿತದವರ ಹಾಗೆ ತಪ್ಪು ಹುಡುಕುವುದಿಲ್ಲ. “ಇದೆಲ್ಲ ನಿಜವೇ ಇರಬಹುದು, ಆದರೆ ಇದರಿಂದ ನಾವು ಕಲಿತದ್ದೇನು?” ಎಂದು ಕೇಳುತ್ತಾರೆ. ಮೂವತ್ತು ಪುಟದ ಪ್ರಬಂಧಕ್ಕೆ ಹದಿನೈದು ಪುಟದ ಆಕ್ಷೇಪಣೆ, ಅದಕ್ಕೆ ನಿಮ್ಮ ನಲವತ್ತು ಪುಟದ ಉತ್ತರ. ಮೊದಲ ಸುತ್ತಿನಲ್ಲಿ ನಾನು ಪ್ರತಿ ಆಕ್ಷೇಪಣೆಗೂ ಇನ್ನಷ್ಟು ವ್ಯಾಪಕವಾದ ಪ್ರಮೇಯದಿಂದ ಉತ್ತರ ಕೊಟ್ಟಿದ್ದೆ. ತಿರಸ್ಕೃತವಾಯಿತು. ಅವರು ಕೇಳಿದ್ದು ಒಂದು ಉದಾಹರಣೆ ಮತ್ತು ಒಂದು ಕೋಷ್ಟಕ.

ಕೋಷ್ಟಕ ಎಂದಾಗ ದತ್ತಾಂಶದ ವಿಷಯಕ್ಕೆ ಬರಬೇಕು. ಇವತ್ತು ಫೈನಾನ್ಸ್ ಜರ್ನಲ್‌ಗಳಲ್ಲಿ ಬರುವುದರಲ್ಲಿ ಬಹುಪಾಲು ದತ್ತಾಂಶ ಆಧಾರಿತ ಕೆಲಸ. ಆ ಪರಂಪರೆಯ ಹಿರಿಯಜ್ಜ ಎನ್ನಬಹುದಾದ ಫಾಮಾ ಮೊದಲ ಪದವಿ ಪಡೆದದ್ದು ಫ್ರೆಂಚ್ ಮೊದಲಾದ ರೊಮಾನ್ಸ್ ಭಾಷೆಗಳಲ್ಲಿ ಎಂಬುದು ನಮ್ಮಂಥವರ ಅಹಂಕಾರಕ್ಕೆ ಒಳ್ಳೆಯ ಔಷಧ. ಗಣಿತದವರು ದತ್ತಾಂಶವನ್ನು ಗುಮಾಸ್ತಿಕೆ ಎಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ, ಒಂದು ಪ್ರಸಂಗ ಓದುವವರೆಗೆ.

ಷಿಕಾಗೋ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಶುರುವಾದ ಒಂದು ಕೇಂದ್ರ ನ್ಯೂಯಾರ್ಕ್ ಷೇರುಪೇಟೆಯ ಬೆಲೆಗಳನ್ನು 1926ರಿಂದ ಹಿಡಿದು ಸಂಗ್ರಹಿಸಿಟ್ಟಿತು. ಸಿಆರ್‌ಎಸ್‌ಪಿ ಎನ್ನುತ್ತಾರೆ; ಅಮೆರಿಕದ ಷೇರುಗಳ ಬಗ್ಗೆ ನೀವು ಓದುವ ಬಹುತೇಕ ಸಂಶೋಧನೆಯ ಬೇರು ಅಲ್ಲಿದೆ. ಈಗ ಯೋಚಿಸಿ: ಒಂದು ಕಂಪನಿ ಮುಳುಗಿ, ಅದರ ಷೇರನ್ನು ಪೇಟೆಯ ಪಟ್ಟಿಯಿಂದ ತೆಗೆದುಹಾಕುತ್ತಾರೆ. ಕೊನೆಯ ದಿನ ಒಂದು ಬೆಲೆ ಇತ್ತು. ಆಮೇಲೆ ಆ ಷೇರು ಹಿಡಿದುಕೊಂಡವನ ಕೈಗೆ ಎಷ್ಟು ಬಂತು? ದತ್ತಾಂಶದಲ್ಲಿ ಅನೇಕ ಸಲ ಆ ಜಾಗ ಖಾಲಿ. ಖಾಲಿ ಜಾಗವನ್ನು ಗಣಕಯಂತ್ರ ಬಿಟ್ಟು ಮುಂದೆ ಹೋಗುತ್ತದೆ. ಅಂದರೆ ಅತಿ ಕೆಟ್ಟ ನಷ್ಟಗಳೇ ಸರಾಸರಿಯಿಂದ ಹೊರಗುಳಿಯುತ್ತವೆ. ಟೈಲರ್ ಶಮ್ವೇ 1997ರಲ್ಲಿ ಈ ಖಾಲಿ ಜಾಗಗಳ ಬೆನ್ನುಹತ್ತಿ, ಕೆಟ್ಟ ಕಾರಣಕ್ಕೆ ಪಟ್ಟಿಯಿಂದ ಹೊರಬಿದ್ದ ಷೇರುಗಳಲ್ಲಿ ಹೂಡಿಕೆದಾರರು ಕೊನೆಯಲ್ಲಿ ಸುಮಾರು ಶೇ 30ರಷ್ಟು ಕಳೆದುಕೊಂಡಿದ್ದಾರೆ ಎಂದು ತೋರಿಸಿದರು. ಎರಡು ವರ್ಷದ ನಂತರ ವಾರ್ಥರ್ ಜೊತೆ ಸೇರಿ ನ್ಯಾಸ್ಡ್ಯಾಕ್ ಷೇರುಗಳಿಗೆ ಅದೇ ತಿದ್ದುಪಡಿ ಮಾಡಿದಾಗ ನಷ್ಟ ಇನ್ನೂ ಹೆಚ್ಚಿತ್ತು. ಸಣ್ಣ ಕಂಪನಿಗಳ ಷೇರು ಹೆಚ್ಚು ಲಾಭ ಕೊಡುತ್ತದೆ ಎಂದು ಅಲ್ಲಿ ಕಾಣುತ್ತಿದ್ದ ಪರಿಣಾಮವೇ ಮಾಯವಾಯಿತು. ಅದಕ್ಕೆ ಎಷ್ಟು ಸಿದ್ಧಾಂತ ಕಟ್ಟಿದ್ದರೋ! ಯಾವ ಪ್ರಮೇಯವೂ ಆ ಖಾಲಿ ಜಾಗವನ್ನು ತೋರಿಸುತ್ತಿರಲಿಲ್ಲ. ಕಡತ ತೆರೆದು ಸಾಲು ಸಾಲಾಗಿ ನೋಡಿದವರಿಗೆ ಕಂಡಿತು. ‘ದತ್ತಾಂಶ ಇಲ್ಲದ ಕಡೆ ಏನೂ ನಡೆದಿಲ್ಲ’ ಎಂಬುದೂ ಒಂದು ಊಹೆ ನೋಡಿ, ಯಾರೂ ಬರೆದಿಡದ ಊಹೆ.

ಪಾಠ ಹೇಳುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಮಾಡುತ್ತ ಬರುತ್ತದೆ. ಒಂದು ತರಗತಿಯನ್ನು ಮಾತ್ರ ನೆನೆಯುತ್ತೇನೆ. ಎಂಬಿಎ ವಿದ್ಯಾರ್ಥಿಗಳಿಗೆ ಆಪ್ಷನ್ ಕಲಿಸುತ್ತಿದ್ದೆ. ಷೇರಿನ ಬೆಲೆ ಈಗ 100. ನಾಳೆ 120 ಆಗಬಹುದು, ಇಲ್ಲವೇ 90. ಬಡ್ಡಿ ಇಲ್ಲವೆನ್ನಿ. ನಾಳೆ 110ಕ್ಕೆ ಷೇರು ಕೊಳ್ಳುವ ಹಕ್ಕಿನ ಬೆಲೆ ಇವತ್ತು ಎಷ್ಟು? ಗಣಿತ ಓದಿದವರು ಕೂಡಲೇ ಕೇಳುತ್ತಾರೆ: ಏರುವ ಸಂಭವ ಎಷ್ಟು? ಅದು ಬೇಕಿಲ್ಲ. ಮೂರನೇ ಒಂದು ಭಾಗ ಷೇರು ಕೊಂಡು 30 ಸಾಲ ಮಾಡಿ. ಬೆಲೆ ಏರಿದರೆ ನಿಮ್ಮ ಷೇರು 40, ಸಾಲ ತೀರಿಸಿ 10 ಉಳಿಯಿತು. ಇಳಿದರೆ ಷೇರು 30, ಸಾಲಕ್ಕೆ ಸರಿಹೋಯಿತು. ಹಕ್ಕು ಕೊಡುವುದೂ ಇಷ್ಟನ್ನೇ. ಹಾಗಾಗಿ ಅದರ ಬೆಲೆ 33.33ರಲ್ಲಿ 30 ಕಳೆದು 3.33. ಕಾಕ್ಸ್, ರಾಸ್, ರೂಬಿನ್‌ಸ್ಟೈನ್ 1979ರಲ್ಲಿ ಕೊಟ್ಟ ಮಾದರಿಯ ಒಂದು ಹೆಜ್ಜೆ ಇದು. ನಾನು ಬೀಗುತ್ತ ಬೋರ್ಡಿನಿಂದ ತಿರುಗಿದೆ. ಹಿಂದಿನ ಬೆಂಚಿನಿಂದ, ಮೊದಲು ಎಲ್ಲೋ ಮಾರಾಟ ವಿಭಾಗದಲ್ಲಿ ಕೆಲಸ ಮಾಡಿದ್ದ ವಿದ್ಯಾರ್ಥಿನಿಯೊಬ್ಬರು ಕೇಳಿದರು: “ಷೇರು ಮತ್ತು ಸಾಲದಿಂದಲೇ ಇದನ್ನು ಮಾಡಿಕೊಳ್ಳಬಹುದಾದರೆ ಈ ಆಪ್ಷನ್ ಮಾರುಕಟ್ಟೆ ಯಾಕೆ ಬೇಕು ಸಾರ್?” ಸೂತ್ರ ನಿಜವಾದರೆ ಆಪ್ಷನ್ ಅನಗತ್ಯ, ಆಪ್ಷನ್ ಅಗತ್ಯವಾದರೆ ಸೂತ್ರದ ಊಹೆ ಎಲ್ಲೋ ಸುಳ್ಳು. ಗಣಿತದ ಗಂಧವಿಲ್ಲದ ವಿದ್ಯಾರ್ಥಿನಿ ಅರ್ಧ ನಿಮಿಷದಲ್ಲಿ ತಲುಪಿದ ಜಾಗಕ್ಕೆ ನಾನು ಪಿಎಚ್.ಡಿ. ಮುಗಿಸಿಯೂ ತಲುಪಿರಲಿಲ್ಲ. ನನ್ನ ಮುಂದಿನ ಎರಡು ಪ್ರಬಂಧಗಳು ಹುಟ್ಟಿದ್ದು ಆ ಪ್ರಶ್ನೆಯಿಂದ.

ಉದ್ಯಮದ ಸೆಳೆತವೂ ಇರುತ್ತದೆ. ಬ್ಲ್ಯಾಕ್ 1984ರಲ್ಲಿ ಎಂಐಟಿ ಬಿಟ್ಟು ಹೂಡಿಕೆ ಬ್ಯಾಂಕಾದ ಗೋಲ್ಡ್‌ಮನ್ ಸ್ಯಾಕ್ಸ್ ಸೇರಿದರು. ಹೋಗುವುದರಲ್ಲಿ ತಪ್ಪೇನಿಲ್ಲ, ಸಲಹೆಗಾರರಾಗಿ ವಾರಕ್ಕೊಂದು ದಿನ ಹೋಗಿ ಬರುವವರು ಬಹಳ ಜನ, ಅಲ್ಲಿಂದ ಒಳ್ಳೆಯ ಪ್ರಶ್ನೆಗಳನ್ನೂ ಹೊತ್ತು ತರುತ್ತಾರೆ. ಟೆನ್ಯೂರಿಗೆ ಮೊದಲು ಮಾತ್ರ ಬೇಡ. ಮರ್ಟನ್ ಮತ್ತು ಶೋಲ್ಸ್ ಪಾಲುದಾರರಾಗಿದ್ದ ಹೂಡಿಕೆ ನಿಧಿ ಲಾಂಗ್-ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ನೊಬೆಲ್ ಬಂದ ಮರುವರ್ಷವೇ, 1998ರಲ್ಲಿ, ರಷ್ಯಾ ಸಾಲ ತೀರಿಸಲಾರೆನೆಂದ ಮೇಲೆ ಕುಸಿಯಿತು. ಹದಿನಾಲ್ಕು ಹಣಕಾಸು ಸಂಸ್ಥೆಗಳು ಸೇರಿ ಸುಮಾರು 360 ಕೋಟಿ ಡಾಲರ್ ಹಾಕಿ ಹಿಡಿದು ನಿಲ್ಲಿಸಬೇಕಾಯಿತು. ಬೇಕಾದಾಗ ಕೊಳ್ಳುವವರು ಮಾರುವವರು ಇದ್ದೇ ಇರುತ್ತಾರೆ ಎಂಬ, ನನ್ನ ಎರಡನೇ ಸ್ಲೈಡಿನಲ್ಲೂ ಇದ್ದ ಊಹೆ ಅಲ್ಲಿಯೂ ಇತ್ತು.

ವಯಸ್ಸಿನ ಚಿಂತೆ ಬಿಡಿ. ಫೈನಾನ್ಸ್ ಪಿಎಚ್.ಡಿ.ಗೆ ಕೆಲಸ ಬಿಟ್ಟು ಬರುವವರಲ್ಲಿ ಮೂವತ್ತು ದಾಟಿದವರು ಅಪರೂಪವಲ್ಲ. ಬ್ಲ್ಯಾಕ್ ಷಿಕಾಗೋದಲ್ಲಿ ಪಾಠ ಶುರು ಮಾಡಿದಾಗ ಮೂವತ್ತಮೂರರ ಆಸುಪಾಸು. ಚಿಂತಿಸಬೇಕಾದದ್ದು ಇನ್ನೂ ಐದು ವರ್ಷ ವಿದ್ಯಾರ್ಥಿವೇತನದಲ್ಲಿ ಬದುಕಲು ನಿಮ್ಮ ಮನೆಯ ಪರಿಸ್ಥಿತಿ ಬಿಡುತ್ತದೆಯೇ ಎಂಬುದನ್ನು. ಅದನ್ನು ನೀವೇ ಬಲ್ಲಿರಿ.

ಈ ಉಳಿದ ಒಂದು ವರ್ಷದಲ್ಲಿ ಹೀಗೆ ಮಾಡಿ. ಅರ್ಥಶಾಸ್ತ್ರದ ಒಂದು ಪಿಎಚ್.ಡಿ. ಮಟ್ಟದ ತರಗತಿ, ಸಾಧ್ಯವಾದರೆ ಇಕನಾಮೆಟ್ರಿಕ್ಸ್, ಹಾಜರಿ ಹಾಕಿಸಿಕೊಂಡು, ಪರೀಕ್ಷೆ ಬರೆದು ಮುಗಿಸಿ. ನಾನು ಹೇಳಿದ ಮೂರು ಜರ್ನಲ್‌ಗಳಿಂದ ವಾರಕ್ಕೊಂದು ಪ್ರಬಂಧದ ಪೀಠಿಕೆ ಮಾತ್ರ ಓದಿ. ಮೊದಲ ನಾಲ್ಕು ಪುಟ, ಅಷ್ಟೇ. ಪ್ರಶ್ನೆಯನ್ನು ಹೇಗೆ ಮುಂದಿಡುತ್ತಾರೆ ಎಂದು ನೋಡಿ. ಆಮೇಲೆ ನಿಮ್ಮ ಈಗಿನ ಸಂಶೋಧನೆಯಿಂದ ಹೊರಡಬಹುದಾದ ಒಂದು ಹಣಕಾಸಿನ ಪ್ರಶ್ನೆಯನ್ನು ಎರಡು ಪುಟದಲ್ಲಿ ಬರೆಯಿರಿ, ಒಂದೂ ಸಮೀಕರಣವಿಲ್ಲದೆ. ಯಾರು, ಯಾರಿಂದ, ಯಾಕೆ ಕೊಳ್ಳುತ್ತಿದ್ದಾರೆ ಎಂಬುದು ಅದರಲ್ಲಿರಬೇಕು. ಐದಾರು ಸಲ ಹರಿದು ಹಾಕುವಿರಿ. ನಿಂತ ಪ್ರತಿಯನ್ನು ನಿಮ್ಮ ಮಾರ್ಗದರ್ಶಕರಿಗೆ ತೋರಿಸಬೇಡಿ, ಅವರು ಮೆಚ್ಚಿಬಿಡಬಹುದು. ಫೈನಾನ್ಸ್ ವಿಭಾಗದಲ್ಲಿ ದತ್ತಾಂಶದ ಕೆಲಸ ಮಾಡುವ ಯಾರಾದರೂ ಸಿಗುತ್ತಾರಾ ನೋಡಿ, ಅರ್ಧ ಗಂಟೆ ಕೇಳಿಕೊಂಡು ಅವರ ಮುಂದೆ ಇಡಿ.